1971ರ ಎಂಜಿಬಿ ಮಾರಬೇಕು: ಯಾರಿಗೆ, ಹೇಗೆ, ಎಷ್ಟಕ್ಕೆ?

ಆಕ್ಸ್‌ಫರ್ಡ್ ಮೈಸೂರಿಗ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1971ರ ಎಂಜಿಬಿ ರೋಡ್‌ಸ್ಟರ್ ಇದೆ, ಇಂಗ್ಲೆಂಡಿನ ಹಳೆಯ ತೆರೆದ ಸ್ಪೋರ್ಟ್ಸ್ ಕಾರು. ಕಡು ಹಸಿರು ಬಣ್ಣ, ಕ್ರೋಮ್ ಬಂಪರ್, ವೈರ್ ವೀಲ್, ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್) ಎಲ್ಲಾ ಇರುವ ಗಾಡಿ. ಊರಲ್ಲಿ ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಬೇಸಿಗೆ ಮುಗಿಯುವಷ್ಟರಲ್ಲಿ ಸಂಸಾರ ಸಮೇತ ಮೈಸೂರಿಗೆ ವಾಪಸ್ ಹೊರಡುತ್ತಿದ್ದೇವೆ. ಹಾಗಾಗಿ ಮಾರಲೇಬೇಕು.

ಗಾಡಿ ಚೆನ್ನಾಗಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಹಿಂದಿನ ಮಾಲೀಕರು ಎರಡೂ ಕಡೆಯ ಸಿಲ್ (ಬಾಗಿಲ ಕೆಳಗಿನ ತಗಡಿನ ಪೆಟ್ಟಿಗೆ) ಬದಲಿಸಿದ್ದಾರೆ. ಹಳೆಯದನ್ನು ಕತ್ತರಿಸಿ ತೆಗೆದಾಗಿನ ಫೋಟೋ, ವೆಲ್ಡಿಂಗ್ ಬಿಲ್ ಎರಡೂ ಫೈಲಿನಲ್ಲಿವೆ. ನನ್ನ ಕೈಗೆ ಬಂದ ಮೇಲೆ ಸಿಲಿಂಡರ್ ಹೆಡ್ ಇಳಿಸಿ, ಸೀಸ ಇಲ್ಲದ ಪೆಟ್ರೋಲ್ ತಡೆಯುವ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದೇನೆ. ಮುಂದಿನ ಚಕ್ರ ತಿರುಗುವ ಕಿಂಗ್‌ಪಿನ್‌ಗೆ 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯುವುದನ್ನು ತಪ್ಪಿಸಿಲ್ಲ.

ಮೊನ್ನೆ ಒಬ್ಬ ಡೀಲರ್ ಬಂದ. ಸುತ್ತ ಒಂದು ಸಲ ನಡೆದು, ಬಾನೆಟ್ ಕೂಡ ಎತ್ತಿಸದೆ 8,000 ಪೌಂಡ್ ಅಂದ. ನನಗೆ 12,500 ಕೇಳುವ ಮನಸ್ಸಿದೆ. ಜಾಸ್ತಿ ಆಯಿತಾ? ಡೀಲರ್‌ಗೆ ಕೊಡುವುದಾ, ಹರಾಜಿಗೆ ಹಾಕುವುದಾ, ನಾನೇ ಜಾಹೀರಾತು ಕೊಡುವುದಾ? ಓಡಿಸುವವರ ಕೈಗೇ ಹೋಗಲಿ ಅನ್ನುವ ಆಸೆಯೂ ಇದೆ.

ಕರಾವಳಿ ಹುಡುಗ
ಎಂಜಿ ಅಂದರೆ ಹೆಕ್ಟರ್ ಕಂಪನಿ ಅಲ್ವಾ? ಅವರು ಸ್ಪೋರ್ಟ್ಸ್ ಕಾರೂ ಮಾಡುತ್ತಿದ್ದರಾ?

ರೀಡಿಂಗ್ ರಾಯರು
ಹೆಸರು ಅದೇ, ಎಂಟು ಮೂಲೆಯ ಲಾಂಛನವೂ ಅದೇ. ಮಾಲೀಕರು ಮಾತ್ರ ಬೇರೆ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. 1920ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಸೆಸಿಲ್ ಕಿಂಬರ್ ಅನ್ನುವವರು ಮಾರಿಸ್ ಕಾರುಗಳಿಗೆ ಹಗುರವಾದ, ಚಂದದ ಬಾಡಿ ಕಟ್ಟಿಸಿ ಮಾರಲು ಶುರು ಮಾಡಿದರು. 1929ರಿಂದ 1980ರವರೆಗೆ ಫ್ಯಾಕ್ಟರಿ ಇದ್ದದ್ದು ಆಬಿಂಗ್ಡನ್‌ನಲ್ಲಿ, ಆಕ್ಸ್‌ಫರ್ಡ್ ಪಕ್ಕದಲ್ಲೇ. ಎಂಜಿಬಿ 1962ರಲ್ಲಿ ಬಂತು. ಆ ಫ್ಯಾಕ್ಟರಿ ಮುಚ್ಚುವವರೆಗೂ ತಯಾರಾಯಿತು. ಗಟ್ಟಿ ಛಾವಣಿಯ ಜಿಟಿ ಮಾದರಿಯನ್ನೂ ಸೇರಿಸಿದರೆ 5 ಲಕ್ಷಕ್ಕೂ ಹೆಚ್ಚು ಗಾಡಿ. 2005ರಲ್ಲಿ ಎಂಜಿ ರೋವರ್ ದಿವಾಳಿ ಆಯಿತು, ಹೆಸರು ಚೀನಾದ ಕಂಪನಿಯ ಪಾಲಾಯಿತು. ಹೆಕ್ಟರ್ ನಮ್ಮಲ್ಲಿಗೆ ಬಂದದ್ದು 2019ರಲ್ಲಿ.

ಕವೆಂಟ್ರಿ ಕನ್ನಡಿಗ
ಮೈಸೂರಿಗರೇ, ಡೀಲರ್ ಹೇಳಿದ ಬೆಲೆಗೆ ಬೇಜಾರು ಮಾಡಿಕೊಳ್ಳಬೇಡಿ. ಅವನು ಅದನ್ನು ತಿಂಗಳುಗಟ್ಟಲೆ ಅಂಗಡಿಯಲ್ಲಿ ಇಟ್ಟುಕೊಳ್ಳಬೇಕು. ಮಾರಿದ ಮೇಲೆ ಏನಾದರೂ ಕೆಟ್ಟರೆ ಗ್ರಾಹಕ ಕಾನೂನಿನ ಪ್ರಕಾರ ಅವನೇ ಜವಾಬ್ದಾರ. ಆ ಭಯದ ಬೆಲೆಯನ್ನು ನಿಮ್ಮ ದುಡ್ಡಲ್ಲೇ ಕಳೆಯುತ್ತಾನೆ. ನಿಮಗೆ ತಾಳ್ಮೆ ಇದ್ದರೆ ನೀವೇ ಮಾರಿ. ಇಲ್ಲ, ಟಿಕೆಟ್ ಆಗಲೇ ಬುಕ್ ಆಗಿದೆ ಅಂದರೆ 8,000ಕ್ಕೆ ಇನ್ನೊಂದಿಷ್ಟು ಸೇರಿಸಿ ಕೇಳಿ, ಕೊಟ್ಟುಬಿಡಿ.

ಮಂಜಿನಹನಿ
ಬಾನೆಟ್ ಎತ್ತದೆ ಬೆಲೆ ಹೇಳುವವನಿಗೆ ಯಾಕೆ ಕೊಡಬೇಕು ಸರ್? ಅವನು ನಿಮ್ಮ ಗಾಡಿಗೆ ಬೆಲೆ ಕಟ್ಟಲಿಲ್ಲ. ಎಂಜಿಬಿ ಅನ್ನುವ ಹೆಸರಿಗೆ ಕಟ್ಟಿದ. ತುಕ್ಕು ತಿಂದ ಗಾಡಿಗೂ ಇದೇ ಬೆಲೆ ಹೇಳುತ್ತಿದ್ದ. ನೀವೇ ಮಾರಿ.

ಹುಬ್ಳಿ ಮಿಸ್ತ್ರಿ
ಮೇಡಂ ಹೇಳಿದ್ದು ಸರಿ. ಈ ಗಾಡಿಯ ಬೆಲೆ ಇರುವುದು ಸಿಲ್‌ನಲ್ಲಿ. ಇದರ ಹಿಂದಿನ ಎಂಜಿಎಗೆ ಬೇರೆ ಚಾಸಿ ಇತ್ತು. ಎಂಜಿಬಿಗೆ ಇಲ್ಲ. ಬಾಡಿಯೇ ಚಾಸಿ. ಮೇಲೆ ಟಾಪ್ ಬೇರೆ ಇಲ್ಲವಲ್ಲ, ಹಾಗಾಗಿ ಬಾಗಿಲ ಕೆಳಗಿನ ಆ ಎರಡು ಪೆಟ್ಟಿಗೆಯಂಥ ಸಿಲ್‌ಗಳೇ ಮುಂದನ್ನೂ ಹಿಂದನ್ನೂ ಹಿಡಿದು ನಿಲ್ಲಿಸುವುದು. ಹೊರಗಿನ ತಗಡು ಮಾತ್ರ ಬದಲಿಸಿ, ಒಳಗಿನ ಪದರವನ್ನು ಹಾಗೇ ಬಿಟ್ಟು ಬಣ್ಣ ಬಳಿದ ಗಾಡಿಗಳು ಬೇಕಾದಷ್ಟಿವೆ. ಗೆದ್ದಲು ಹಿಡಿದ ಬಾಗಿಲಿನ ಹಾಗೆ ಮೇಲೆ ಹೊಳಪು, ಒಳಗೆ ಪುಡಿ.

ತಿಳಿದವನು ಬಂದರೆ ಏನು ಮಾಡುತ್ತಾನೆ ಗೊತ್ತಾ? ಜಾಕ್ ಪಾಯಿಂಟ್‌ನಲ್ಲಿ ಜಾಕ್ ಕೊಟ್ಟು ಎತ್ತುತ್ತಾನೆ. ಎತ್ತುವಾಗ ಬಾಗಿಲಿಗೂ ಹಿಂದಿನ ರೆಕ್ಕೆಗೂ (ಚಕ್ರದ ಮೇಲಿನ ತಗಡು) ನಡುವಿನ ಸಂದು ನೋಡುತ್ತಾನೆ. ಸಂದು ಕಿರಿದಾದರೆ, ಬಾಗಿಲು ತೆಗೆಯಲು ಬಿಗಿಯಾದರೆ ಸಿಲ್ ಹೋಗಿದೆ ಅಂತ ಅರ್ಥ. ನೀವೇ ಮೊದಲು ಇದನ್ನು ಮಾಡಿ, ಫೋನಿನಲ್ಲಿ ವಿಡಿಯೋ ತೆಗೆದು ಜಾಹೀರಾತಿಗೆ ಹಾಕಿ. ಹತ್ತು ಸಾಲು ವರ್ಣನೆಗಿಂತ ಅದು ಮೇಲು.

ಆಕ್ಸ್‌ಫರ್ಡ್ ಮೈಸೂರಿಗ
ವಿಡಿಯೋ ಒಳ್ಳೆಯ ಐಡಿಯಾ. ನಾಳೆಯೇ ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಬಲಗಡೆಯ ಮುಂದಿನ ರೆಕ್ಕೆಯ ಮೇಲೆ ಬೆರಳುದ್ದ ಗೀರು ಇದೆ, ಹಿಂದಿನ ಅಂಚಿನಲ್ಲಿ ಬಣ್ಣ ಸ್ವಲ್ಪ ಉಬ್ಬಿದೆ. ಮಾರುವ ಮುಂಚೆ ಪೇಂಟ್ ಮಾಡಿಸಲಾ?

ಹುಬ್ಳಿ ಮಿಸ್ತ್ರಿ
ಬೇಡ. ಬೇಡವೇ ಬೇಡ.

ಕವೆಂಟ್ರಿ ಕನ್ನಡಿಗ
ನಾನು ಮಾಡಿಸಿ ಅಂತೀನಿ. ಫೋಟೋದಲ್ಲಿ ಕಾಣುವುದು ಮೊದಲು ಬಣ್ಣವೇ. ಜನ ಫೋಟೋ ನೋಡಿ ತಾನೇ ಫೋನ್ ಮಾಡೋದು?

ಹುಬ್ಳಿ ಮಿಸ್ತ್ರಿ
ಫೋನ್ ಮಾಡಿ ಬಂದವನು ಹೊಸ ಬಣ್ಣ ಕಂಡ ತಕ್ಷಣ ಕೇಳುವುದು ಒಂದೇ: ಇದರ ಕೆಳಗೆ ಏನು ಮುಚ್ಚಿದ್ದೀರಿ? ಅದರಲ್ಲೂ ಮಾರುವ ತಿಂಗಳಲ್ಲಿ ಹೊಡೆಸಿದ ಬಣ್ಣ, ಕೆಳಗೆ ಬಳಿದ ಹೊಸ ಕಪ್ಪು ಅಂಡರ್‌ಕೋಟಿಂಗ್ ಇವೆರಡು ಕಂಡರೆ ನಾನಾದರೆ ವಾಪಸ್ ಹೋಗುತ್ತೇನೆ. ಗೀರು ಗೀರಾಗಿಯೇ ಇರಲಿ. ಉಬ್ಬಿದ ಬಣ್ಣದ ಫೋಟೋ ಹತ್ತಿರದಿಂದ ತೆಗೆದು ಹಾಕಿ. ಪುಟ್ಟಿ ಇಲ್ಲ ಅಂತ ತೋರಿಸಲು ಪಕ್ಕದಲ್ಲೇ ಮ್ಯಾಗ್ನೆಟ್ ಅಂಟಿಸಿ.

ರೀಡಿಂಗ್ ರಾಯರು
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕಾನೂನೂ ಅದನ್ನೇ ಹೇಳುತ್ತದೆ. ಖಾಸಗಿಯಾಗಿ ಮಾರುವವನು ಗ್ಯಾರಂಟಿ ಕೊಡಬೇಕಿಲ್ಲ. ಆದರೆ ಬರೆದ ವಿವರ ನಿಜ ಇರಬೇಕು, ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿರಬೇಕು. ಕುಂದು ಇದ್ದರೆ ಬರೆದುಬಿಡಿ, ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ತುಂಗಾತೀರ
ಸುಮ್ನೆ ಊರಿಗೇ ತಗೊಂಡು ಬನ್ನಿ ಸರ್! ಚಾಮುಂಡಿ ಬೆಟ್ಟ ಹತ್ತಿಸಿ. ಸ್ಟೀರಿಂಗ್ ಕೂಡ ಬಲಗಡೆಯೇ ಇದೆಯಲ್ಲ.

ಆಕ್ಸ್‌ಫರ್ಡ್ ಮೈಸೂರಿಗ
ನನ್ನ ಹೆಂಡತಿಯೂ ಮೊದಲು ಅದನ್ನೇ ಹೇಳಿದ್ದು. ವಿಚಾರಿಸಿದೆ. ಹಡಗಿನ ಖರ್ಚು, ಕಸ್ಟಮ್ಸ್ ಸುಂಕ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತದೆ. ಆ ದುಡ್ಡು ಅಪ್ಪನ ಮನೆ ರಿಪೇರಿಗೆ ಬೇಕು.

ಬಸವನಗುಡಿ ಹಳೇಗಾಡಿ
ತಂದರೂ ದಿನಾ ಓಡಿಸುವ ಹಾಗಿಲ್ಲ. 2021ರಲ್ಲಿ ಕೇಂದ್ರದ ನಿಯಮ ಬದಲಾಯಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ಪಕ್ಕ 'ವಿಎ'. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನನ್ನ ಮಾರಿಸ್ ಮೈನರ್‌ಗೆ ಬಿಡಿಭಾಗ ಈಗಲೂ ಇಂಗ್ಲೆಂಡಿನಿಂದಲೇ ತರಿಸುತ್ತೇನೆ. ಅಲ್ಲಿ ಎಂಜಿಬಿಗೆ ಹೊಸ ಬಾಡಿಶೆಲ್ ಕೂಡ ಸಿಗುತ್ತದಂತೆ, ಹೌದಾ?

ಹುಬ್ಳಿ ಮಿಸ್ತ್ರಿ
ಹೌದು. 1988ರಿಂದ ಹಳೆಯ ಅಚ್ಚುಗಳಲ್ಲೇ ಮಾಡುತ್ತಿದ್ದಾರೆ. ಈ ಗಾಡಿ ಮಾರುವುದು ಸುಲಭ ಅನ್ನುವುದಕ್ಕೆ ದೊಡ್ಡ ಕಾರಣವೇ ಇದು. ತಗೊಂಡವನಿಗೆ ಸಾಮಾನು ಸಿಗಲ್ಲ ಅನ್ನುವ ಭಯ ಇಲ್ಲ.

ಇನ್ನೊಂದು ವಿಷಯ. ನಮ್ಮ ಅಂಬಾಸಡರ್‌ಗೂ ಇದಕ್ಕೂ ನೆಂಟಸ್ತಿಕೆ ಇದೆ. ಹಳೆ ಪೆಟ್ರೋಲ್ ಅಂಬಾಸಡರ್‌ನ 1489 ಸಿಸಿ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಆಗ ಎಂಜಿ, ಮಾರಿಸ್ ಎರಡೂ ಅದರವೇ) ಬಿ ಸರಣಿಯವು. ನಾನು ಟ್ಯಾಪೆಟ್ ಹಿಡಿಯಲು ಕಲಿತದ್ದು ಹುಬ್ಬಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿನ ಅಂಬಾಸಡರ್‌ಗಳ ಮೇಲೆ. ಇಲ್ಲಿಗೆ ಬಂದು ಮೊದಲ ಸಲ ಎಂಜಿಬಿಯ ಬಾನೆಟ್ ಎತ್ತಿದಾಗ ಎಲ್ಲಾ ಗುರುತಿನ ಮುಖ. ಕಾರ್ಬ್ಯುರೇಟರ್ ಮಾತ್ರ ಎರಡು.

ಕರಾವಳಿ ಹುಡುಗ
ಅಂಬಾಸಡರ್ ಎಂಜಿನ್ ಸ್ಪೋರ್ಟ್ಸ್ ಕಾರಲ್ಲಿ! ನಮ್ಮ ದೊಡ್ಡಪ್ಪನಿಗೆ ಈಗಲೇ ಹೇಳುತ್ತೇನೆ. ಅವರು ಆಗುಂಬೆ ಘಾಟಿಯಲ್ಲಿ ಅಂಬಾಸಡರ್ ಓಡಿಸಿದವರು.

ಮಂಜಿನಹನಿ
ವಿಷಯಕ್ಕೆ ಬರೋಣ. ಎಂಒಟಿ, ಅಂದರೆ ಇಲ್ಲಿನ ವಾರ್ಷಿಕ ಫಿಟ್‌ನೆಸ್ ಪರೀಕ್ಷೆ, ಇದೆಯಾ ಸರ್?

ಆಕ್ಸ್‌ಫರ್ಡ್ ಮೈಸೂರಿಗ
40 ವರ್ಷ ದಾಟಿದ ಗಾಡಿಗೆ 2018ರಿಂದ ಕಡ್ಡಾಯ ಅಲ್ಲ. ನಾನು ಆದರೂ ಪ್ರತಿ ವರ್ಷ ಮಾಡಿಸುತ್ತೇನೆ. ಹೋದ ತಿಂಗಳು ಒಂದೂ ಟಿಪ್ಪಣಿ ಇಲ್ಲದೆ ಪಾಸ್ ಆಯಿತು.

ಮಂಜಿನಹನಿ
ಹಾಗಾದರೆ ಜಾಹೀರಾತಿನ ಮೊದಲ ಸಾಲಿನಲ್ಲೇ ಅದು ಇರಲಿ. ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಎಂಒಟಿ ಇತಿಹಾಸ ಯಾರಿಗೂ ಕಾಣುತ್ತದೆ. ಮೈಲಿ ಲೆಕ್ಕವೂ ಅಲ್ಲೇ ಸಿಗುತ್ತದೆ. ಬರುವವರು ನೋಡಿಕೊಂಡೇ ಬರುತ್ತಾರೆ.

ಇಲ್ಲಿ ಹೊಸಬರಿಗೆ ಒಂದು ಮಾತು. ಈ ವಯಸ್ಸಿನ ಗಾಡಿಯನ್ನು 'ಹಿಸ್ಟಾರಿಕ್' ವರ್ಗಕ್ಕೆ ಸೇರಿಸಿದರೆ ರಸ್ತೆ ತೆರಿಗೆ ಸೊನ್ನೆ. ಹೊಗೆ ಹೆಚ್ಚು ಬಿಡುವ ಗಾಡಿಗಳಿಗೆ ಲಂಡನ್ನಿನಲ್ಲಿ ಹಾಕುವ ಯುಲೆಜ್ ಶುಲ್ಕವೂ ಇಲ್ಲ. ನಾನು ಕ್ರಾಯ್ಡನ್‌ನಲ್ಲಿ ಇರುವವಳು. ನನ್ನ ಹಳೆಯ ಡೀಸೆಲ್ ಕಾರನ್ನು ಆ ಶುಲ್ಕದ ಕಾಟಕ್ಕೇ ಮಾರಿದೆ. ಪಕ್ಕದ ಮನೆಯವರು 1968ರ ಎಂಜಿಬಿ ಜಿಟಿಯಲ್ಲಿ ಒಂದು ಪೆನ್ನಿ ಕೊಡದೆ ಓಡಾಡುತ್ತಾರೆ. ಲಂಡನ್ ಸುತ್ತಮುತ್ತಲಿನವರಿಗೆ ಇದೂ ಮುಖ್ಯ, ಜಾಹೀರಾತಿನಲ್ಲಿ ಬರೆಯಿರಿ.

ಕವೆಂಟ್ರಿ ಕನ್ನಡಿಗ
ಕಡ್ಡಾಯ ಇಲ್ಲದ ಪರೀಕ್ಷೆಗೆ ವರ್ಷವರ್ಷ ದುಡ್ಡು ಯಾಕೆ? ಅವರು ಸಿಲ್‌ನ ಒಳಗೆ ಇಣುಕಿ ನೋಡುವುದಿಲ್ಲವಲ್ಲ.

ಹುಬ್ಳಿ ಮಿಸ್ತ್ರಿ
ಬ್ರೇಕ್ ನೋಡುತ್ತಾರಲ್ಲ ಅಣ್ಣಾ. ಲೀಫ್ ಸ್ಪ್ರಿಂಗ್ ಕೊಕ್ಕೆ ನೋಡುತ್ತಾರೆ, ಸ್ಟೀರಿಂಗ್ ಆಟ ನೋಡುತ್ತಾರೆ. ಐವತ್ತು ವರ್ಷದ ಗಾಡಿಯ ಕೆಳಗೆ ಬೇರೆಯವರ ಕಣ್ಣು ವರ್ಷಕ್ಕೊಮ್ಮೆ ಬೀಳುವುದು ಒಳ್ಳೆಯದೇ. ಓಡಿಸುವುದು ನಮ್ಮ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಾನೇ?

ರೀಡಿಂಗ್ ರಾಯರು
ಮೈಸೂರಿಗರೇ, ನೀವು ಹಾಕಿದ ಫೋಟೋ ನೋಡಿದೆ. ಒಂದು ಅನುಮಾನ. 1971ರ ಗಾಡಿಗೆ ಒಳಗೆ ಸರಿದ ಕಪ್ಪು ಗ್ರಿಲ್ ಇರಬೇಕು. ನಿಮ್ಮದರಲ್ಲಿ ಹಳೆಯ ಮಾದರಿಯ ಕ್ರೋಮ್ ಕಡ್ಡಿಗಳ ಗ್ರಿಲ್ ಇದೆ.

ಆಕ್ಸ್‌ಫರ್ಡ್ ಮೈಸೂರಿಗ
ರಾಯರೇ, ಕಣ್ಣು ಚುರುಕು! ಹಿಂದಿನ ಮಾಲೀಕರು ಬದಲಿಸಿದ್ದು. ಅವರಿಗೆ ಕಪ್ಪು ಗ್ರಿಲ್ ಇಷ್ಟ ಇರಲಿಲ್ಲ. ಮೂಲದ್ದು ಗ್ಯಾರೇಜಿನ ಅಟ್ಟದಲ್ಲಿ ಕಂಬಳಿ ಸುತ್ತಿ ಇಟ್ಟಿದ್ದೇನೆ.

ರೀಡಿಂಗ್ ರಾಯರು
ಬಹಳ ಒಳ್ಳೆಯದು. ಗಾಡಿಯ ಜೊತೆಗೇ ಕೊಡಿ, ಜಾಹೀರಾತಿನಲ್ಲೂ ಹೇಳಿ. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದ್ದೀರಾ? ಫ್ಯಾಕ್ಟರಿಯ ಹಳೆಯ ದಾಖಲೆ ನೋಡಿ ಗಾಡಿ ಯಾವ ದಿನ ತಯಾರಾಯಿತು, ಮೂಲ ಬಣ್ಣ ಯಾವುದು, ಎಂಜಿನ್ ನಂಬರ್ ಏನು ಅಂತ ಬರೆದು ಕೊಡುತ್ತಾರೆ. ಬಣ್ಣವೂ ಎಂಜಿನ್ನೂ ಹೊಂದಿದರೆ ಬೆಲೆ ಕೇಳಲು ನಿಮಗೆ ಬಲ ಬರುತ್ತದೆ. ಕಡು ಹಸಿರು ಬಣ್ಣ ಬೇಕು ಅಂತ ಆಮೇಲೆ ಹೊಡೆಸಿಕೊಂಡ ಗಾಡಿಗಳು ತುಂಬಾ ಇವೆ. ನಿಮ್ಮದು ಹುಟ್ಟಿನಿಂದಲೇ ಹಸಿರು ಅಂತ ಕಾಗದ ಹೇಳಿದರೆ ಅದರ ತೂಕವೇ ಬೇರೆ.

ತುಂಗಾತೀರ
ಎಲೆಕ್ಟ್ರಿಕ್ ಮಾಡುವವರಿಗೆ ಕೊಡಬಹುದಲ್ವಾ? ಹಳೇ ಕಾರಿಗೆ ಬ್ಯಾಟರಿ ಹಾಕಿ ಮಾರುವವರು ಅಲ್ಲಿ ಇದ್ದಾರಂತೆ. ಒಳ್ಳೆ ಬಾಡಿಗೆ ಒಳ್ಳೆ ದುಡ್ಡು ಕೊಡಬಹುದು.

ಹುಬ್ಳಿ ಮಿಸ್ತ್ರಿ
ನಡೆಯುವ ಎಂಜಿನ್ ಕಿತ್ತು ಹಾಕುವುದಾ? ಎಂಜಿನ್ ಸತ್ತ ಗಾಡಿಗೆ ಮಾಡಲಿ, ನನ್ನ ತಕರಾರಿಲ್ಲ. ಆರೋಗ್ಯವಾಗಿ ಇರುವುದಕ್ಕೆ ಯಾಕೆ?

ಮಂಜಿನಹನಿ
ನಾನು ತುಂಗಾತೀರ ಅವರ ಪರ. ಕಿಡ್ನಿ, ಹೃದಯ ಬದಲಿಸಿದರೂ ಮನುಷ್ಯ ಅವನೇ ತಾನೇ? ಹೊಗೆ ಇಲ್ಲದೆ ಇನ್ನೂ ಐವತ್ತು ವರ್ಷ ಓಡಿದರೆ ಏನು ನಷ್ಟ? ಆದರೆ ಈ ಗಾಡಿಯ ಲೆಕ್ಕದಲ್ಲಿ ಅದು ಸರಿ ಹೋಗಲ್ಲ. ಎಂಜಿನ್, ಹೆಡ್, ಕಾರ್ಬ್ಯುರೇಟರ್‌ಗೆ ಸರ್ ಹಾಕಿದ ದುಡ್ಡಿಗೆ ಪರಿವರ್ತನೆ ಮಾಡುವವನು ಏನೂ ಕೊಡುವುದಿಲ್ಲ. ಅವನಿಗೆ ಬೇಕಾದದ್ದು ತಗಡು ಮಾತ್ರ.

ಕವೆಂಟ್ರಿ ಕನ್ನಡಿಗ
ಹರಾಜಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ನನ್ನ ಟ್ರಯಂಫ್ ಸ್ಪಿಟ್‌ಫೈರ್ ಹರಾಜಿನಲ್ಲಿ ಮಾರಿದವನು. ಒಂದೇ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ, ಮನೆಗೆ ಅಪರಿಚಿತರು ಬರುವ ತಲೆನೋವು ಇಲ್ಲ. ಆದರೆ ಮಾರುವವನ ಕಮಿಷನ್ ಬೇರೆ, ಹೆಸರು ಸೇರಿಸುವ ಶುಲ್ಕ ಬೇರೆ. ಕೊಳ್ಳುವವನೂ ಮೇಲೆ ಪ್ರೀಮಿಯಂ ಕೊಡಬೇಕು, ಅದನ್ನು ಮನಸ್ಸಿನಲ್ಲಿ ಕಳೆದುಕೊಂಡೇ ಕೂಗುತ್ತಾನೆ. ಕನಿಷ್ಠ ಬೆಲೆ ಇಡದೆ ಹಾಕಲೇಬೇಡಿ. ಮಳೆ ಬಂದು ಜನ ಕಮ್ಮಿ ಇದ್ದ ದಿನ ಗಾಡಿ ಹೋದರೆ ಯಾರನ್ನು ಕೇಳುವುದು? ಅಪರೂಪದ ಗಾಡಿಗೆ ಹರಾಜು ಸರಿ. ಎಂಜಿಬಿಯಂಥ ಎಲ್ಲರಿಗೂ ಗೊತ್ತಿರುವ ಗಾಡಿಗೆ ಕ್ಲಬ್ಬಿನ ಪತ್ರಿಕೆಯಲ್ಲಿ ಜಾಹೀರಾತು ಕೊಡಿ. ಎಂಜಿ ಕಾರ್ ಕ್ಲಬ್ 1930ರಿಂದ ಇದೆ, ಓನರ್ಸ್ ಕ್ಲಬ್ ಬೇರೆ ಇದೆ. ಅಲ್ಲಿ ಓದುವವರು ಓಡಿಸುವವರೇ.

ಬಸವನಗುಡಿ ಹಳೇಗಾಡಿ
ಬೆಲೆಯ ಮಾತು. 12,500 ಕೇಳಿ, ಆದರೆ 11,000ದ ಕೆಳಗೆ ಇಳಿಯುವುದಿಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಾಗಿಲು ತೆಗೆಯಿರಿ. 1974ರ ಕೊನೆಯಲ್ಲಿ ಅಮೆರಿಕದ ನಿಯಮಕ್ಕೆ ಅಂತ ಕಪ್ಪು ರಬ್ಬರ್ ಬಂಪರ್ ಹಾಕಿ ಗಾಡಿಯನ್ನು ಮೇಲೆತ್ತಿದರಲ್ಲ, ಅವುಗಳ ಜಾಹೀರಾತು ನೋಡಿ ಹೋಲಿಸಬೇಡಿ. ಅದರ ಲೆಕ್ಕ ಬೇರೆ.

ಮಂಜಿನಹನಿ
ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ. ಲಾಗ್‌ಬುಕ್‌ನ (ನಮ್ಮೂರಿನ ಆರ್‌ಸಿ ಇದ್ದ ಹಾಗೆ) ಫೋಟೋ ಎಲ್ಲಿಯೂ ಹಾಕಬೇಡಿ, ಅದನ್ನು ಇಟ್ಟುಕೊಂಡು ನಕಲಿ ಮಾಡುತ್ತಾರೆ. 'ನೋಡದೆ ತಗೋತೀನಿ, ನನ್ನ ಏಜೆಂಟ್ ಬರುತ್ತಾನೆ, ಸ್ವಲ್ಪ ಜಾಸ್ತಿ ದುಡ್ಡು ಕಳಿಸಿದ್ದೇನೆ, ಉಳಿದದ್ದು ವಾಪಸ್ ಕಳಿಸಿ' ಅಂದರೆ ಅದು ಮೋಸ. ನನ್ನ ಅಕ್ಕನಿಗೆ ಪಿಯಾನೋ ಮಾರುವಾಗ ಇದೇ ಬಲೆ ಬೀಸಿದ್ದರು. ಟೆಸ್ಟ್ ಡ್ರೈವ್‌ಗೆ ಮುಂಚೆ ಅವರ ಇನ್ಶೂರೆನ್ಸ್, ಲೈಸೆನ್ಸ್ ನೋಡಿ. ನೀವು ಪಕ್ಕದಲ್ಲೇ ಕೂತಿರಿ. ದುಡ್ಡು ನಿಮ್ಮ ಖಾತೆಗೆ ಬಂದದ್ದನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ನೋಡುವ ತನಕ ಕೀ ಕೊಡಬೇಡಿ. ಅವರ ಫೋನಿನ ಸ್ಕ್ರೀನ್ ನಂಬಬೇಡಿ.

ಕರಾವಳಿ ಹುಡುಗ
ಲಾಭಕ್ಕೆ ಟ್ಯಾಕ್ಸ್ ಇದೆಯಾ ಅಲ್ಲಿ?

ರೀಡಿಂಗ್ ರಾಯರು
ವ್ಯಾಪಾರ ಅಲ್ಲದೆ ಸ್ವಂತ ಕಾರು ಮಾರಿದರೆ ಇಲ್ಲಿ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ.

ಆಕ್ಸ್‌ಫರ್ಡ್ ಮೈಸೂರಿಗ
ಗಾಡಿ ಮಾರಾಟ ಆಯಿತು! ನಿಮ್ಮ ಮಾತು ಕೇಳಿ ಏನೇನು ಮಾಡಿದೆ ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗ ಆಗಲಿ.

ಬಣ್ಣ ಮುಟ್ಟಲಿಲ್ಲ. ಗೀರು, ಉಬ್ಬು, ಎಂಜಿನ್ ಹಿಂಬದಿಯಿಂದ ಆಗಾಗ ಬೀಳುವ ಎಣ್ಣೆ ಹನಿ ಎಲ್ಲಾ ಬರೆದೆ. ಸರ್ಟಿಫಿಕೇಟ್ ತರಿಸಿದೆ, ಹುಟ್ಟಿದ ಬಣ್ಣ ಹಸಿರೇ. ಕ್ಲಬ್ ಪತ್ರಿಕೆಗೂ ಒಂದು ಜಾಹೀರಾತು ಸೈಟಿಗೂ ಹಾಕಿದೆ. ಸುಮ್ನೆ 'ಕೊನೆ ಬೆಲೆ ಎಷ್ಟು' ಅಂತ ಮೆಸೇಜ್ ಹಾಕಿದವರೇ ಜಾಸ್ತಿ. ಅವರಿಗೆ 'ಬಂದು ನೋಡಿ, ಆಮೇಲೆ ಮಾತಾಡೋಣ' ಅಂತ ಮಾತ್ರ ಬರೆದೆ.

ಕೊನೆಗೆ ಸ್ವಿಂಡನ್ ಕಡೆಯಿಂದ ತಾಯಿ ಮಗಳು ಬಂದರು. ತಾಯಿಗೆ ಅರವತ್ತರ ಮೇಲಾಗಿದೆ. ಬಂದವರೇ ಬಾನೆಟ್ ಮೇಲೆ ಕೈ ಇಟ್ಟು ಎಂಜಿನ್ ತಣ್ಣಗಿದೆಯಾ ನೋಡಿದರು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅಲ್ಲೇ ವಾಪಸ್ ಹೋಗುತ್ತಿದ್ದೆ ಅಂದರು. ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಸುಮ್ಮನೆ ಕೂತು ಪೆಟ್ರೋಲ್ ಪಂಪಿನ ಟಿಕ್ ಟಿಕ್ ಕೇಳಿದರು. ಕಾರ್ಬ್ಯುರೇಟರ್ ತುಂಬಿ ಆ ಸದ್ದು ನಿಂತ ಮೇಲೆಯೇ ಚೋಕ್ ಎಳೆದು ಸ್ಟಾರ್ಟ್ ಮಾಡಿದ್ದು. ನಿಲ್ಲದೆ ಟಿಕ್ ಟಿಕ್ ಅನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಮಗಳಿಗೆ ವಿವರಿಸಿದರು. ಆಮೇಲೆ ಚಾಪೆ ಹಾಸಿ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಹೋದರು. ಜಾಕ್ ಕೊಟ್ಟು ಬಾಗಿಲ ಸಂದು ನೋಡಿದರು, ಮಿಸ್ತ್ರಿಯವರು ಹೇಳಿದ ಹಾಗೇ. ಸೀಟಿನ ಹಿಂದಿನ ಬ್ಯಾಟರಿ ಡಬ್ಬಿಯ ತಳಕ್ಕೆ ಬೆರಳಿಂದ ಒತ್ತಿದರು. ಎಡಗಡೆಯ ಹಿಂದಿನ ಲೀಫ್ ಸ್ಪ್ರಿಂಗ್ ಸ್ವಲ್ಪ ಕುಗ್ಗಿದೆ ಅಂತ ಅಳತೆ ಹಿಡಿದು ತೋರಿಸಿದರು. ಅದು ನಿಜವೇ.

ರಸ್ತೆಯಲ್ಲಿ ಮೂರನೇ ಗೇರಿನಲ್ಲೂ ನಾಲ್ಕನೇ ಗೇರಿನಲ್ಲೂ ಓವರ್‌ಡ್ರೈವ್ ಹಾಕಿ ನೋಡಿದರು. ವಾಪಸ್ ಬಂದು 11,000 ಅಂದರು. ನಾನು ಫೈಲ್ ಮುಂದಿಟ್ಟೆ. ಒಂದೊಂದು ಬಿಲ್ಲನ್ನೂ ಓದಿದರು, ಚಹಾ ಆರಿ ಹೋಯಿತು. 11,400ಕ್ಕೆ ಕೈ ಕುಲುಕಿದೆವು. ಗಾಡಿ ಮಗಳಿಗಂತೆ, ವಾರಾಂತ್ಯದಲ್ಲಿ ಓಡಿಸಲು.

ದುಡ್ಡು ಬಂದದ್ದು ನೋಡಿದ ಮೇಲೆ ಲಾಗ್‌ಬುಕ್‌ನ ಹಸಿರು ಚೀಟಿ ಅವರಿಗೆ ಕೊಟ್ಟೆ, ಮಾರಿದ ವಿಷಯವನ್ನು ಡಿವಿಎಲ್‌ಎಗೆ (ಇಲ್ಲಿನ ಆರ್‌ಟಿಒ ಇದ್ದ ಹಾಗೆ) ಅವರ ಎದುರಿಗೇ ಆನ್‌ಲೈನಿನಲ್ಲಿ ತಿಳಿಸಿದೆ. ತೆರಿಗೆ ಸೊನ್ನೆಯೇ ಆದರೂ ಹೊಸ ಮಾಲೀಕರು ತಮ್ಮ ಹೆಸರಿನಲ್ಲಿ ಮತ್ತೆ ಮಾಡಿಸಬೇಕು. ಅದನ್ನು ಮುಗಿಸಿಕೊಂಡೇ ಹೊರಟರು.

ಹುಬ್ಳಿ ಮಿಸ್ತ್ರಿ
ಬಹಳ ಖುಷಿ ಆಯಿತು. ಆ ತಾಯಿಗೆ ನನ್ನ ನಮಸ್ಕಾರ. ಎಥನಾಲ್ ಕಡಿಮೆ ಇರುವ E5 ಪೆಟ್ರೋಲೇ ಹಾಕಲು ಹೇಳಿದ್ದೀರಾ? 2021ರಿಂದ ಸಾಮಾನ್ಯ ಪೆಟ್ರೋಲ್ ಎಥನಾಲ್ ಹೆಚ್ಚಿರುವ E10 ಆಗಿದೆ, ಹಳೇ ರಬ್ಬರ್ ಪೈಪಿಗೆ ಒಳ್ಳೆಯದಲ್ಲ.

ಆಕ್ಸ್‌ಫರ್ಡ್ ಮೈಸೂರಿಗ
ಅವರಿಗೇ ಗೊತ್ತಿತ್ತು. ಪೈಪ್‌ಗಳನ್ನೂ ನಾನು ಹಿಂದೆಯೇ ಬದಲಿಸಿದ್ದೇನೆ, ಬಿಲ್ ಫೈಲಿನಲ್ಲಿದೆ.

ಕವೆಂಟ್ರಿ ಕನ್ನಡಿಗ
ಡೀಲರ್ ಬೆಲೆಗಿಂತ 3,400 ಜಾಸ್ತಿ. ತಾಳ್ಮೆಗೆ ಸಿಕ್ಕಿದ್ದು. ಗ್ಯಾರೇಜಿನಲ್ಲಿ ಬೇರೆ ಸಾಮಾನು ಏನಾದರೂ ಉಳಿದಿದೆಯಾ?

ಆಕ್ಸ್‌ಫರ್ಡ್ ಮೈಸೂರಿಗ
ಕಪ್ಪು ಗ್ರಿಲ್, ಗ್ರೀಸ್ ಗನ್, ವರ್ಕ್‌ಶಾಪ್ ಪುಸ್ತಕ ಗಾಡಿಯ ಜೊತೆಗೇ ಹೋದವು. ಎರಡು ಡಬ್ಬಿ 20ಡಬ್ಲ್ಯು-50 ಎಂಜಿನ್ ಎಣ್ಣೆ, ಒಂದು ಜೊತೆ ಆ್ಯಕ್ಸಲ್ ಸ್ಟ್ಯಾಂಡ್ ಇವೆ. ದುಡ್ಡು ಬೇಡ, ಬಂದು ತಗೊಂಡು ಹೋಗಿ.

ಹುಬ್ಳಿ ಮಿಸ್ತ್ರಿ
ಸ್ಟ್ಯಾಂಡ್ ನನಗಿರಲಿ. ಶನಿವಾರ ಬೆಳಗ್ಗೆ ಬರಲಾ?

ಆಕ್ಸ್‌ಫರ್ಡ್ ಮೈಸೂರಿಗ
ಬನ್ನಿ. ತಿಂಡಿ ನಮ್ಮ ಮನೆಯಲ್ಲೇ.